ವಿಡಿಯೊ ಎಡಿಟಿಂಗ್ ಆರಂಭಿಸುವವರಿಗೆ: ತಂತ್ರಾಂಶ ಮತ್ತು ಸಲಕರಣೆಗಳ ಆಯ್ಕೆಯ ಸಮಗ್ರ ಮಾರ್ಗದರ್ಶಿ

ವಿಡಿಯೊ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕ್ಯಾಮೆರಾ ಕೊಳ್ಳುತ್ತಾರೆ. ಉಳಿದ ಹಣದಲ್ಲಿ ಒಂದು ಮೈಕ್ ಬರುತ್ತದೆ. ಆಮೇಲೆ ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ಯಾರೋ ಶಿಫಾರಸು ಮಾಡಿದ ತಂತ್ರಾಂಶವನ್ನು ಹಾಕಿ, ಚಿತ್ರಿಸಿದ ಕಡತ ಅದರಲ್ಲಿ ಓಡದೆ ತಡವರಿಸಿದಾಗ ಹೊಸ ಕಂಪ್ಯೂಟರಿನ ಬೆಲೆ ವಿಚಾರಿಸತೊಡಗುತ್ತಾರೆ. ಈ ಕ್ರಮವನ್ನು ಪೂರ್ತಿಯಾಗಿ ತಿರುಗಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ಬಗೆಯ ವಿಡಿಯೊ ಮಾಡುತ್ತೇವೆ ಎಂಬುದು ಮೊದಲು ತೀರ್ಮಾನವಾಗಬೇಕು. ಬಳಿಕ ಈಗಾಗಲೇ ಕೈಯಲ್ಲಿರುವ ಮೊಬೈಲ್ ಎಂಥ ಕಡತವನ್ನು ಕೊಡುತ್ತದೆ, ಮನೆಯಲ್ಲಿರುವ ಕಂಪ್ಯೂಟರ್ ಅದನ್ನು ನಿಭಾಯಿಸಬಲ್ಲದೇ ಎಂದು ನೋಡಿ, ಅದಕ್ಕೆ ಹೊಂದುವ ತಂತ್ರಾಂಶವನ್ನು ಆರಿಸಬೇಕು. ಹಣದ ಮೊದಲ ಪಾಲು ಧ್ವನಿಗೆ ಹೋಗಬೇಕು. ಕ್ಯಾಮೆರಾದ ಸರದಿ ಕೊನೆಗೆ ಬರಬೇಕು. ಕನ್ನಡದಲ್ಲಿ ವಿಡಿಯೊ ಮಾಡುವವರು ಇದಕ್ಕೆ ಇನ್ನೊಂದು ಪರೀಕ್ಷೆಯನ್ನು ಸೇರಿಸಿಕೊಳ್ಳಲೇಬೇಕು: ಆ ತಂತ್ರಾಂಶ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುತ್ತದೆಯೇ? ಬೇರೆ ಭಾಷೆಗಳ ಮಾರ್ಗದರ್ಶಿಗಳಲ್ಲಿ ಈ ಪ್ರಶ್ನೆ ಕಾಣಸಿಗುವುದಿಲ್ಲವಾದ್ದರಿಂದ ಇಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಕೆಲಸವನ್ನು ಕಾಗದದ ಮೇಲೆ ಬರೆದುಕೊಳ್ಳಿ

ಆರಂಭಿಕರ ಕೆಲಸಗಳು ಸ್ಥೂಲವಾಗಿ ಮೂರು ಬಗೆಯವು. ಒಂದನೆಯದು, ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವ ಕಿರು ವಿಡಿಯೊ. ಯೂಟ್ಯೂಬ್ ಶಾರ್ಟ್ಸ್‌ನ ಅವಧಿಯ ಮಿತಿ 2024ರ ಅಕ್ಟೋಬರ್‌ನಿಂದ 3 ನಿಮಿಷಕ್ಕೆ ಏರಿದೆ. ಇನ್‌ಸ್ಟಾಗ್ರಾಮ್ ರೀಲ್ಸ್ ಕೂಡ ಇದೇ ಜಾತಿಯದು. ಎರಡನೆಯದು, ಅಡುಗೆ, ಕೃಷಿ, ಪಾಠ, ಸಂದರ್ಶನ ಮುಂತಾದ ಹತ್ತು ಹದಿನೈದು ನಿಮಿಷಗಳ ಅಡ್ಡಚೌಕಟ್ಟಿನ ವಿಡಿಯೊ. ಮೂರನೆಯದು, ಯಕ್ಷಗಾನ, ತಾಳಮದ್ದಳೆ, ಸಂಗೀತ ಕಛೇರಿ, ಮದುವೆ ಮುಂತಾದ ದೀರ್ಘ ಕಾರ್ಯಕ್ರಮಗಳ ದಾಖಲೀಕರಣ. ಇಲ್ಲಿ ಎರಡು ಮೂರು ಕ್ಯಾಮೆರಾಗಳ ದೃಶ್ಯಗಳನ್ನು ಒಂದೇ ಧ್ವನಿಗೆ ಹೊಂದಿಸಬೇಕಾಗುತ್ತದೆ.

ಮೊದಲ ಬಗೆಯ ಕೆಲಸಕ್ಕೆ ಕಂಪ್ಯೂಟರೇ ಬೇಕಾಗಿಲ್ಲ. ಎರಡನೆಯದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಲುತ್ತದೆ. ಮೂರನೆಯದರಲ್ಲಿ ಯಂತ್ರದ ವೇಗಕ್ಕಿಂತ ಕಡತಗಳನ್ನು ಸಂಗ್ರಹಿಸುವ ಜಾಗ ಮತ್ತು ಧ್ವನಿಮುದ್ರಣದ ವ್ಯವಸ್ಥೆ ಮುಖ್ಯವಾಗುತ್ತವೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಐದು ವಿಷಯಗಳನ್ನು ಬರೆದುಕೊಳ್ಳಿ: ವಿಡಿಯೊದ ಸರಾಸರಿ ಅವಧಿ, ಅದನ್ನು ಜನ ನೋಡುವ ಪರದೆ, ಏಕಕಾಲಕ್ಕೆ ಬಳಸುವ ಕ್ಯಾಮೆರಾಗಳ ಸಂಖ್ಯೆ, ಪರದೆಯ ಮೇಲೆ ಬರುವ ಕನ್ನಡ ಬರಹದ ಪ್ರಮಾಣ, ಮತ್ತು ತಿಂಗಳಿಗೆ ಎಷ್ಟು ವಿಡಿಯೊಗಳನ್ನು ಮುಗಿಸಲೇಬೇಕು ಎಂಬುದು. ಮುಂದಿನ ಪ್ರತಿಯೊಂದು ತೀರ್ಮಾನಕ್ಕೂ ಈ ಚೀಟಿಯೇ ಆಧಾರ.

ಹೆಜ್ಜೆ 2: ನಿಮ್ಮ ಮೊಬೈಲ್ ಕೊಡುವ ಕಡತವನ್ನು ಪರಿಶೀಲಿಸಿ

ಮೊಬೈಲಿನಲ್ಲಿ ಎರಡು ನಿಮಿಷಗಳ ವಿಡಿಯೊ ತೆಗೆದು ಕಂಪ್ಯೂಟರಿಗೆ ಕೇಬಲ್ ಮೂಲಕ ವರ್ಗಾಯಿಸಿ. ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿಕೊಳ್ಳಬೇಡಿ. ಅದು ವಿಡಿಯೊವನ್ನು ಮತ್ತಷ್ಟು ಕುಗ್ಗಿಸಿಬಿಡುತ್ತದೆ. ಬಳಿಕ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಆ ಕಡತವನ್ನು ತೆರೆದರೆ ಅದರ ಒಳಗಿನ ವಿವರಗಳೆಲ್ಲ ಕಾಣುತ್ತವೆ. ಅವುಗಳಲ್ಲಿ ಮೂರನ್ನು ಗಮನಿಸಬೇಕು.

ಮೊದಲನೆಯದು ಕೋಡೆಕ್, ಅಂದರೆ ದೃಶ್ಯವನ್ನು ಕುಗ್ಗಿಸಿಡುವ ವಿಧಾನ. ಮೊಬೈಲ್‌ಗಳು ಎಚ್.264 ಅಥವಾ ಎಚ್.265 ವಿಧಾನವನ್ನು ಬಳಸುತ್ತವೆ. ಎರಡನೆಯದಕ್ಕೆ ಎಚ್‌ಇವಿಸಿ ಎಂಬ ಹೆಸರೂ ಇದೆ. 2003ರಲ್ಲಿ ರೂಪುಗೊಂಡ ಮೊದಲನೆಯದನ್ನು ಹಳೆಯ ಕಂಪ್ಯೂಟರ್‌ಗಳೂ ಸುಲಭವಾಗಿ ಓದುತ್ತವೆ. 2013ರ ಎರಡನೆಯದು ಕಡಿಮೆ ಜಾಗದಲ್ಲಿ ಅಷ್ಟೇ ಗುಣಮಟ್ಟವನ್ನು ಹಿಡಿದಿಡುತ್ತದೆ, ಆದರೆ ಅದನ್ನು ಬಿಡಿಸಿ ತೋರಿಸಲು ಯಂತ್ರ ಹೆಚ್ಚು ಶ್ರಮಪಡಬೇಕು. ಇವೆರಡೂ ಪ್ರತಿಯೊಂದು ಚೌಕಟ್ಟನ್ನು (ಫ್ರೇಮ್, ಅಂದರೆ ವಿಡಿಯೊದ ಒಂದೊಂದು ಬಿಡಿಚಿತ್ರ) ಪೂರ್ಣವಾಗಿ ಉಳಿಸಿಕೊಳ್ಳುವುದಿಲ್ಲ. ಅಲ್ಲೊಂದು ಇಲ್ಲೊಂದು ಚೌಕಟ್ಟನ್ನು ಪೂರ್ಣವಾಗಿಟ್ಟು, ನಡುವಿನವುಗಳಲ್ಲಿ ಬದಲಾದ ಭಾಗವನ್ನು ಮಾತ್ರ ಬರೆದಿಡುತ್ತವೆ. ಸುಮ್ಮನೆ ನೋಡುವಾಗ ಸರಾಗವಾಗಿ ಓಡುವ ವಿಡಿಯೊ ಎಡಿಟಿಂಗ್ ಟೈಮ್‌ಲೈನಿನಲ್ಲಿ, ಅಂದರೆ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ಹಿಂದಕ್ಕೂ ಮುಂದಕ್ಕೂ ಎಳೆಯುವಾಗ ತಡವರಿಸುವುದಕ್ಕೆ ಇದೇ ಕಾರಣ.

ಎರಡನೆಯದು ಸೆಕೆಂಡಿಗೆ ಎಷ್ಟು ಚೌಕಟ್ಟುಗಳು ಎಂಬುದು. ಭಾರತದ ವಿದ್ಯುತ್ ಜಾಲ 50 ಹರ್ಟ್ಸ್‌ನದು. ಹಳೆಯ ಟ್ಯೂಬ್‌ಲೈಟ್‌ಗಳೂ ಅಗ್ಗದ ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಮೊಬೈಲ್‌ಗಳು ತಾವಾಗಿ ಆರಿಸಿಕೊಳ್ಳುವ 30 ಚೌಕಟ್ಟುಗಳ ಲೆಕ್ಕ ಈ ಮಿನುಗಿಗೆ ಹೊಂದುವುದಿಲ್ಲವಾದ್ದರಿಂದ ದೃಶ್ಯದ ಮೇಲೆ ಕಪ್ಪು ಪಟ್ಟಿಗಳು ಜಾರುತ್ತಿರುವಂತೆ ಕಾಣಬಹುದು. ಸೆಕೆಂಡಿಗೆ 25 ಚೌಕಟ್ಟು, 1/50 ಸೆಕೆಂಡಿನ ಶಟರ್ (ಪ್ರತಿ ಚೌಕಟ್ಟಿಗೆ ಬೆಳಕು ಬೀಳುವ ಅವಧಿ) ಎಂದು ಹೊಂದಿಸಿಕೊಂಡರೆ ಸಮಸ್ಯೆ ಬಹುಮಟ್ಟಿಗೆ ಮಾಯವಾಗುತ್ತದೆ. ಐಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪಾಲ್ (PAL) ಎಂಬ ಟಿವಿ ಪದ್ಧತಿಯ ಮಾದರಿಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿದರೆ 25 ಕಾಣಿಸಿಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ನಿಮ್ಮ ಮಾದರಿಗೆ ದೊರೆತರೆ ಅಲ್ಲಿ ಇದನ್ನು ಹೊಂದಿಸಬಹುದು. ನೆಟ್ಟ ಬಿಸಿಲಿನಲ್ಲಿ ಮಾತ್ರ ಚಿತ್ರಿಸುವವರಿಗೆ ಇದರ ಚಿಂತೆ ಬೇಡ.

ಇದಕ್ಕೆ ಸಂಬಂಧಿಸಿದ ಇನ್ನೊಂದು ತೊಡಕೆಂದರೆ, ಮೊಬೈಲ್‌ಗಳು ಬೆಳಕು ಕಡಿಮೆಯಾದಾಗ ಅಥವಾ ಬಿಸಿಯಾದಾಗ ಚೌಕಟ್ಟುಗಳ ವೇಗವನ್ನು ತಾವೇ ಏರಿಳಿಸುವುದು. ಮೀಡಿಯಾಇನ್ಫೊ ಇದನ್ನು ವೇರಿಯಬಲ್ ಎಂದು ತೋರಿಸುತ್ತದೆ. ಅಂಥ ಕಡತವನ್ನು ಹಾಗೆಯೇ ಎಡಿಟ್ ಮಾಡಿದರೆ, ಉದ್ದದ ಸಂದರ್ಶನದ ಕೊನೆಯ ಹೊತ್ತಿಗೆ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪಬಹುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕಾನ್ಸ್ಟಂಟ್ ಫ್ರೇಮ್‌ರೇಟ್ ಆಯ್ಕೆಯನ್ನಿಟ್ಟು ಒಮ್ಮೆ ಪರಿವರ್ತಿಸಿಕೊಂಡು ಆಮೇಲೆ ಎಡಿಟಿಂಗ್‌ಗೆ ತರುವುದು ಸುರಕ್ಷಿತ.

ಮೂರನೆಯದು ಬಣ್ಣದ ಆಳ. ಹೊಸ ಮೊಬೈಲ್‌ಗಳು ಬೆಳಕು ನೆರಳುಗಳ ಹೆಚ್ಚಿನ ವ್ಯಾಪ್ತಿಯನ್ನು ಹಿಡಿಯುವ 10 ಬಿಟ್‌ನ ಎಚ್‌ಡಿಆರ್ ಮಾದರಿಯಲ್ಲಿ ಚಿತ್ರಿಸುತ್ತವೆ. ಸಾಮಾನ್ಯ ಟೈಮ್‌ಲೈನಿಗೆ ತಂದಾಗ ಇಂಥ ದೃಶ್ಯಗಳ ಬಣ್ಣ ಬಿಳಿಚಿಕೊಂಡೋ ವಿಪರೀತ ಹೊಳೆಯುತ್ತಲೋ ಕಾಣುವುದರಿಂದ ಹೊಸಬರು ಕಂಗಾಲಾಗುತ್ತಾರೆ. ಬಣ್ಣ ನಿರ್ವಹಣೆ ಕಲಿಯುವವರೆಗೆ ಎಚ್‌ಡಿಆರ್ ಆಯ್ಕೆಯನ್ನು ನಿಲ್ಲಿಸಿಡಿ.

ಹೆಜ್ಜೆ 3: ಕಂಪ್ಯೂಟರನ್ನು ಅಳೆಯಿರಿ

ಎಂಟು ಜಿಬಿ ರ್‍ಯಾಮ್ ಇರುವ ಐದಾರು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲಿ 1080ಪಿ (1920×1080) ಗಾತ್ರದ ವಿಡಿಯೊವನ್ನು ಹಗುರವಾದ ತಂತ್ರಾಂಶದಿಂದ ಖಂಡಿತ ಎಡಿಟ್ ಮಾಡಬಹುದು. ಭಾರವಾದ ತಂತ್ರಾಂಶಕ್ಕೆ 16 ಜಿಬಿ ಕನಿಷ್ಠ ಎಂದು ಇಟ್ಟುಕೊಳ್ಳಿ. ಹಳೆಯ ಯಂತ್ರದಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸುವುದೂ, ಒಂದು ರ್‍ಯಾಮ್ ಪಟ್ಟಿ ಸೇರಿಸುವುದೂ ಹೊಸ ಲ್ಯಾಪ್‌ಟಾಪ್ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗದ ಉಪಾಯ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ. ತಿರುಗುವ ಡಿಸ್ಕಿನದು ಅದರ ಮೂರನೆಯ ಒಂದು ಭಾಗವನ್ನೂ ಮುಟ್ಟುವುದು ಕಷ್ಟ.

ಹೊಸದನ್ನೇ ಕೊಳ್ಳುವುದಾದರೆ ಎಚ್.265ನ್ನು ಬಿಡಿಸುವ ಪ್ರತ್ಯೇಕ ಯಂತ್ರಾಂಶ ಅದರಲ್ಲಿದೆಯೇ ಎಂದು ನೋಡಿ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇದಕ್ಕೆ ಕ್ವಿಕ್ ಸಿಂಕ್ ಎಂಬ ಹೆಸರು. ಏಳನೇ ಪೀಳಿಗೆಯಿಂದ ಈಚೆಗಿನವು 10 ಬಿಟ್ ಎಚ್‌ಇವಿಸಿಯನ್ನೂ ಓದಬಲ್ಲವು. ಮೇಜಿನ ಕಂಪ್ಯೂಟರ್ ಜೋಡಿಸುವವರು ಒಂದು ಸಂಗತಿಯನ್ನು ನೆನಪಿಡಬೇಕು: ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಇಲ್ಲ. ಅಂಗಡಿಯವರು ಸ್ವಲ್ಪ ಬೆಲೆ ಕಡಿಮೆ ಎಂದು ಅದನ್ನೇ ತೋರಿಸಿದರೆ, ಎಡಿಟಿಂಗ್‌ಗೆ ಎಫ್ ಇಲ್ಲದ್ದು ಬೇಕೆಂದು ಕೇಳಿ ಪಡೆಯಿರಿ. ಆ್ಯಪಲ್‌ನ 2020ರ ಎಂ1 ಮತ್ತು ಅದರ ನಂತರದ ಮ್ಯಾಕ್‌ಬುಕ್‌ಗಳು ಈ ಕೆಲಸದಲ್ಲಿ ಬಹಳ ಸಮರ್ಥವಾಗಿವೆ. ಆದರೆ ಅವುಗಳಲ್ಲಿ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು, ಕೊಳ್ಳುವ ದಿನವೇ ತೀರ್ಮಾನಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಉಪಾಯ ಪ್ರಾಕ್ಸಿ. ತಂತ್ರಾಂಶವು ಮೂಲ ಕಡತದ ಕಿರಿದಾದ, ಓದಲು ಹಗುರವಾದ ಪ್ರತಿಯೊಂದನ್ನು ತಯಾರಿಸಿಕೊಂಡು, ನೀವು ಕತ್ತರಿಸಿ ಜೋಡಿಸುವಾಗ ಅದನ್ನು ಬಳಸುತ್ತದೆ. ಅಂತಿಮ ವಿಡಿಯೊ ಹೊರತೆಗೆಯುವಾಗ ಮಾತ್ರ ಮೂಲ ಕಡತಕ್ಕೆ ಮರಳುತ್ತದೆ. ಗುಣಮಟ್ಟಕ್ಕೆ ಯಾವ ಕುಂದೂ ಬರುವುದಿಲ್ಲ. ಮುಂದೆ ಹೇಳುವ ಕಂಪ್ಯೂಟರ್ ತಂತ್ರಾಂಶಗಳಲ್ಲಿ ಐಮೂವಿಯನ್ನು ಬಿಟ್ಟು ಉಳಿದವುಗಳಲ್ಲೆಲ್ಲ ಈ ಸೌಲಭ್ಯವಿದೆ. ಹೊಸ ಯಂತ್ರಕ್ಕೆ ಹಣ ಹೊಂದಿಸುವ ಮುನ್ನ ಪ್ರಾಕ್ಸಿಯನ್ನು ಬಳಸಿ ನೋಡದವರು ದಯವಿಟ್ಟು ಒಮ್ಮೆ ಬಳಸಿ ನೋಡಬೇಕು.

ಹೆಜ್ಜೆ 4: ತಂತ್ರಾಂಶವನ್ನು ಆರಿಸಿ

ಮೊಬೈಲಿನಲ್ಲಿಯೇ ಕೆಲಸ ಮುಗಿಸುವವರಿಗೆ ವಿಎನ್, ಇನ್‌ಶಾಟ್, ಕೈನ್‌ಮಾಸ್ಟರ್, ಯೂಟ್ಯೂಬ್ ಕ್ರಿಯೇಟ್ ಮುಂತಾದವು ದೊರೆಯುತ್ತವೆ. ಉಚಿತ ಎನ್ನುವ ಆ್ಯಪ್‌ಗಳಲ್ಲಿ ಕೆಲವು ಅಂತಿಮ ವಿಡಿಯೊದ ಮೇಲೆ ತಮ್ಮ ಮುದ್ರೆಯನ್ನು ಒತ್ತುತ್ತವೆ. ಕೈನ್‌ಮಾಸ್ಟರ್‌ನ ಉಚಿತ ಬಳಕೆಯಲ್ಲಿ ಹೀಗಾಗುತ್ತದೆ. ಬೇರೆ ದೇಶಗಳ ಪಾಠಗಳಲ್ಲಿ ಪದೇ ಪದೇ ಕಾಣುವ ಕ್ಯಾಪ್‌ಕಟ್ ಭಾರತದಲ್ಲಿ ಅಧಿಕೃತವಾಗಿ ಲಭ್ಯವಿಲ್ಲ. ಅದನ್ನು ಅಡ್ಡದಾರಿಯಿಂದ ಮೊಬೈಲಿಗೆ ಇಳಿಸಿಕೊಳ್ಳುವುದು ಬೇಡ. ಎಲ್ಲಿಂದಲೋ ಬಂದ ಕಡತಕ್ಕೆ ನಿಮ್ಮ ಚಿತ್ರಕೋಶ, ಮೈಕ್‌ಗಳ ಅನುಮತಿ ಕೊಟ್ಟಂತಾಗುತ್ತದೆ.

ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವವುಗಳಲ್ಲಿ ಮೂರನ್ನು ನಾನು ಮನಃಪೂರ್ವಕವಾಗಿ ಹೇಳಬಲ್ಲೆ. ಶಾಟ್‌ಕಟ್ ಮತ್ತು ಕೆಡೆನ್‌ಲೈವ್ ಎರಡೂ ಮುಕ್ತ ತಂತ್ರಾಂಶಗಳು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತವೆ. ಮುದ್ರೆ ಒತ್ತುವುದಿಲ್ಲ, ಖಾತೆ ಕೇಳುವುದಿಲ್ಲ, ಅವಧಿ ಮುಗಿಯಿತೆಂದು ನಿಲ್ಲುವುದಿಲ್ಲ. ಶಾಟ್‌ಕಟ್ ಹಗುರ, ಅದರ ಪರದೆ ಸರಳ. ಹಳೆಯ ಲ್ಯಾಪ್‌ಟಾಪ್ ಇರುವವರು ಇಲ್ಲಿಂದ ಆರಂಭಿಸಬೇಕು. ಕೆಡೆನ್‌ಲೈವ್‌ನಲ್ಲಿ ಸಾಧನಗಳು ಹೆಚ್ಚು, ಹಲವು ಕ್ಯಾಮೆರಾಗಳ ದೃಶ್ಯಗಳನ್ನು ಧ್ವನಿಯ ಆಧಾರದಿಂದ ಹೊಂದಿಸುವ ಅನುಕೂಲವೂ ಇದೆ.

ಮೂರನೆಯದು ಡಾವಿಂಚಿ ರಿಸಾಲ್ವ್. ಸಿನಿಮಾಗಳ ಬಣ್ಣ ತಿದ್ದುವ ಯಂತ್ರಗಳನ್ನು ತಯಾರಿಸುತ್ತಿದ್ದ ಕಂಪನಿಯನ್ನು 2009ರಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಖರೀದಿಸಿ, ಆ ತಂತ್ರಾಂಶಕ್ಕೆ ಎಡಿಟಿಂಗ್, ಧ್ವನಿ, ದೃಶ್ಯ ಪರಿಣಾಮಗಳ ವಿಭಾಗಗಳನ್ನು ಸೇರಿಸುತ್ತ ಬಂದಿತು. ಇದರ ಉಚಿತ ಆವೃತ್ತಿಯೇ ವೃತ್ತಿಪರ ಕೆಲಸಕ್ಕೆ ಸಾಲುವಷ್ಟು ಸಮರ್ಥವಾಗಿದ್ದು, 3840×2160 ಗಾತ್ರದವರೆಗೆ, ಸೆಕೆಂಡಿಗೆ 60 ಚೌಕಟ್ಟುಗಳವರೆಗೆ ವಿಡಿಯೊ ಹೊರತೆಗೆಯುತ್ತದೆ. ದೃಶ್ಯದ ಕಾಳುಕಾಳಾದ ಕಲೆಗಳನ್ನು ತೆಗೆಯುವ ಸೌಲಭ್ಯ ಮುಂತಾದ ಕೆಲವು ಮಾತ್ರ 295 ಡಾಲರ್ ಬೆಲೆಯ ಸ್ಟುಡಿಯೊ ಆವೃತ್ತಿಯಲ್ಲಿವೆ. ಲಿನಕ್ಸ್ ಬಳಸುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಉಚಿತ ಆವೃತ್ತಿ ಎಚ್.264 ಮತ್ತು ಎಚ್.265 ಕಡತಗಳನ್ನು ತೆರೆಯುವುದಿಲ್ಲ, ಅಂದರೆ ಮೊಬೈಲಿನಿಂದ ಬಂದ ಕಡತಗಳನ್ನೆಲ್ಲ ಮೊದಲು ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಅಂಥವರಿಗೆ ಕೆಡೆನ್‌ಲೈವ್ ಒಳ್ಳೆಯದು. ವಿಂಡೋಸ್‌ನಲ್ಲಿ ರಿಸಾಲ್ವ್‌ಗೆ 16 ಜಿಬಿ ರ್‍ಯಾಮ್ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾತ್ರ ಕೈಹಾಕಿ.

ಹಣ ಕೊಟ್ಟು ಕೊಳ್ಳುವವುಗಳಲ್ಲಿ ಅಡೋಬಿಯ ಪ್ರೀಮಿಯರ್ ಚಂದಾ ಲೆಕ್ಕದ್ದು. ಚಂದಾ ನಿಂತ ಮೇಲೆ ಹಳೆಯ ಪ್ರಾಜೆಕ್ಟುಗಳನ್ನು ತೆರೆದು ತಿದ್ದಲಾಗದು. ಫೈನಲ್ ಕಟ್ ಪ್ರೊ ಆ್ಯಪಲ್‌ನ ಸಾಧನಗಳಿಗೆ ಮಾತ್ರ ಮೀಸಲು, ಮ್ಯಾಕ್‌ಗೆ ಒಂದೇ ಸಲ ಹಣ ಕೊಟ್ಟು ಪಡೆಯಬಹುದು. ಮ್ಯಾಕ್ ಮತ್ತು ಐಫೋನ್‌ಗಳಲ್ಲಿ ಐಮೂವಿ ಉಚಿತ. ಟಿವಿ ವಾಹಿನಿಯಲ್ಲೋ ಸ್ಟುಡಿಯೊದಲ್ಲೋ ಕೆಲಸಕ್ಕೆ ಸೇರುವ ಉದ್ದೇಶದಿಂದ ಕಲಿಯುವವರು ಅಲ್ಲಿ ಯಾವುದನ್ನು ಬಳಸುತ್ತಾರೆಂದು ವಿಚಾರಿಸಿ ಅದನ್ನೇ ಕಲಿಯುವುದು ಸರಿ. ಉಳಿದವರು ಮೊದಲ ವರ್ಷ ತಂತ್ರಾಂಶಕ್ಕೆ ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಬೀಗ ಒಡೆದ ಪ್ರತಿಗಳನ್ನು ಪೆನ್‌ಡ್ರೈವ್‌ನಲ್ಲಿ ಹಂಚಿಕೊಳ್ಳುವ ಅಭ್ಯಾಸ ಇನ್ನೂ ಇದೆ. ಕಾನೂನಿನ ಮಾತು ಹಾಗಿರಲಿ, ಅಂಥ ಕಡತಗಳ ಜೊತೆ ಬರುವ ಕುತಂತ್ರಾಂಶ ನಿಮ್ಮ ಬ್ಯಾಂಕ್ ಖಾತೆಯ ಗುಪ್ತಪದವನ್ನೂ ಕದಿಯಬಲ್ಲದು. ಇಷ್ಟು ಒಳ್ಳೆಯ ಉಚಿತ ತಂತ್ರಾಂಶಗಳಿರುವಾಗ ಆ ಅಪಾಯಕ್ಕೆ ಕಾರಣವೇ ಇಲ್ಲ.

ಹೆಜ್ಜೆ 5: ಕನ್ನಡ ಅಕ್ಷರಗಳ ಪರೀಕ್ಷೆ

ಆರಿಸಿದ ತಂತ್ರಾಂಶವನ್ನು ಕಲಿಯಲು ವಾರಗಟ್ಟಲೆ ಸಮಯ ಕೊಡುವ ಮೊದಲು ಅದರ ಶೀರ್ಷಿಕೆ ಬರೆಯುವ ಜಾಗದಲ್ಲಿ ಈ ವಾಕ್ಯವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ: «ಸೂರ್ಯೋದಯಕ್ಕೆ ಮುನ್ನ ರಾಷ್ಟ್ರೀಯ ಹೆದ್ದಾರಿಯಲ್ಲಿ ಸ್ತ್ರೀಯರು ಶಾಸ್ತ್ರಜ್ಞರೊಂದಿಗೆ ಕೃಷಿಕ್ಷೇತ್ರಕ್ಕೆ ಹೋದರು; ಫೇಸ್‌ಬುಕ್‌ನಲ್ಲಿ 25 ಚಿತ್ರಗಳಿವೆ.» ಇದರಲ್ಲಿ ಅರ್ಕಾವತ್ತು, ಎರಡೆರಡು ಒತ್ತುಗಳಿರುವ ಅಕ್ಷರಗಳು, ವಟ್ರಸುಳಿ, ಕ್ಷ ಮತ್ತು ಜ್ಞ, ಅರ್ಧಾಕ್ಷರವನ್ನು ಬಿಡಿಸಿ ನಿಲ್ಲಿಸುವ ಕಾಣದ ಸಂಕೇತ, ಅಂಕಿಗಳು, ಎಲ್ಲವೂ ಇವೆ. ಒತ್ತುಗಳು ಅಕ್ಷರದ ಕೆಳಗೆ ಕೂರದೆ ಬಿಡಿಬಿಡಿಯಾಗಿ ಸಾಲಾಗಿ ನಿಂತರೆ, ಅರ್ಕಾವತ್ತು ತಪ್ಪು ಜಾಗದಲ್ಲಿ ಬಂದರೆ, ಅಥವಾ ಫೇಸ್‌ಬುಕ್ ಎಂಬ ಪದದ ನಡುವೆ ಖಾಲಿ ಚೌಕವೊಂದು ಕಂಡರೆ, ಆ ತಂತ್ರಾಂಶ ಕನ್ನಡದ ಅಕ್ಷರ ಜೋಡಣೆಯನ್ನು ಪೂರ್ತಿಯಾಗಿ ಅರಿತಿಲ್ಲ ಎಂದರ್ಥ.

ಶಾಟ್‌ಕಟ್ ಮತ್ತು ಕೆಡೆನ್‌ಲೈವ್ ರಚಿತವಾಗಿರುವ ಕ್ಯೂಟಿ ಎಂಬ ತಂತ್ರಾಂಶ ಬುನಾದಿಗೆ ಭಾರತೀಯ ಲಿಪಿಗಳನ್ನು ಜೋಡಿಸುವ ಸಾಮರ್ಥ್ಯವಿದೆ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ ಲಿಪಿಗಳ ಅಕ್ಷರ ಎಂಜಿನ್ನನ್ನು ಆರಿಸಬೇಕು. ಇದು ತಿಳಿಯದೆ ಪ್ರೀಮಿಯರ್‌ನಲ್ಲಿ ಕನ್ನಡ ಬರುವುದೇ ಇಲ್ಲವೆಂದು ಕೈಬಿಟ್ಟವರಿದ್ದಾರೆ. ರಿಸಾಲ್ವ್‌ನಲ್ಲಿ ಶೀರ್ಷಿಕೆಗೆ ಒಂದಕ್ಕಿಂತ ಹೆಚ್ಚು ಸಾಧನಗಳಿರುವುದರಿಂದ ಮೇಲಿನ ವಾಕ್ಯವನ್ನು ಪ್ರತಿಯೊಂದರಲ್ಲಿಯೂ, ನೀವು ಹಾಕಿಕೊಂಡಿರುವ ಆವೃತ್ತಿಯಲ್ಲಿಯೇ, ಪರೀಕ್ಷಿಸಿಕೊಳ್ಳಿ. ಎಲ್ಲಿಯೂ ಸರಿಹೋಗದಿದ್ದರೆ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಶೀರ್ಷಿಕೆಯನ್ನು ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಟೈಮ್‌ಲೈನಿನಲ್ಲಿ ದೃಶ್ಯದ ಮೇಲಿನ ಸಾಲಿಗೆ ಇಡಬಹುದು. ಸುತ್ತುದಾರಿಯಾದರೂ ಇದು ಯಾವ ತಂತ್ರಾಂಶದಲ್ಲಿಯೂ ಕೆಡುವುದಿಲ್ಲ.

ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳನ್ನು ಬಳಸಿ ಈ ತೊಂದರೆಯಿಂದ ಪಾರಾಗುವ ರೂಢಿ ವಿನ್ಯಾಸಕಾರರಲ್ಲಿದೆ. ಅವು ಯೂನಿಕೋಡ್ ಅಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುವ ಶೈಲಿಗಳು. ಒಂದು ಶೀರ್ಷಿಕೆಯ ಚಿತ್ರಕ್ಕೆ ಅವು ಸಾಕು, ಆದರೆ ಅದೇ ಬರಹವನ್ನು ಉಪಶೀರ್ಷಿಕೆಯ ಕಡತಕ್ಕೋ ಯೂಟ್ಯೂಬಿನ ವಿವರಣೆಗೋ ನಕಲಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿಬಿಡುತ್ತವೆ. ಯೂನಿಕೋಡ್‌ನಲ್ಲಿಯೇ ಉಚಿತವಾಗಿ ಸಿಗುವ ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಮುಂತಾದವುಗಳ ಪರವಾನಗಿ ವಿಡಿಯೊದಿಂದ ಹಣ ಗಳಿಸುವವರಿಗೂ ಬಳಕೆಗೆ ಅವಕಾಶ ಕೊಡುತ್ತದೆ.

ಅಕ್ಷರ ಸರಿಯಾಗಿ ಮೂಡಿದ ಮೇಲೂ ಮೂರು ಸಂಗತಿಗಳಲ್ಲಿ ಕನ್ನಡಕ್ಕೆ ಬೇರೆ ಲೆಕ್ಕವಿದೆ. ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ಎರಡು ಸಾಲಿನ ಶೀರ್ಷಿಕೆಯಲ್ಲಿ ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಲೇಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತದ ಮೇಲೆ ಬೀಳುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಹಿಗ್ಗಿಸಬಾರದು, ಹಿಗ್ಗಿಸಿದರೆ ಕೆಲವು ತಂತ್ರಾಂಶಗಳಲ್ಲಿ ಒತ್ತು ಮತ್ತು ದೀರ್ಘಗಳು ತಮ್ಮ ಅಕ್ಷರದಿಂದ ದೂರ ಸರಿಯುತ್ತವೆ. ಒಂದೊಂದೇ ಅಕ್ಷರ ಮೂಡಿಬರುವ ಚಲನೆಯ ಶೀರ್ಷಿಕೆಗಳು ರೋಮನ್ ಲಿಪಿಯನ್ನು ಗಮನದಲ್ಲಿಟ್ಟು ತಯಾರಾದವು. ಕನ್ನಡದಲ್ಲಿ ಅವು ಅಕ್ಷರವನ್ನೇ ಸೀಳುವುದುಂಟು. ಪದ ಪದವಾಗಿ ಮೂಡುವ ಚಲನೆಯನ್ನು ಆರಿಸಿದರೆ ಓದುವವರಿಗೂ ಹಿತವಾಗಿರುತ್ತದೆ. ಉಪಶೀರ್ಷಿಕೆಯ ಎಸ್‌ಆರ್‌ಟಿ ಕಡತವನ್ನು ಉಳಿಸುವಾಗ ಯುಟಿಎಫ್-8 ಎಂಬ ಆಯ್ಕೆ ಇರಲಿ.

ಹೆಜ್ಜೆ 6: ಧ್ವನಿಗೆ ಮೊದಲ ಹಣ

ಮಂಕಾದ ದೃಶ್ಯವನ್ನು ಪ್ರೇಕ್ಷಕರು ಸಹಿಸಿಕೊಳ್ಳುತ್ತಾರೆ. ಮಾತು ಸ್ಪಷ್ಟವಾಗಿ ಕೇಳದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಬೇರೆ ವಿಡಿಯೊಕ್ಕೆ ಹೋಗುತ್ತಾರೆ. ದೃಶ್ಯದ ಬೆಳಕು, ಬಣ್ಣಗಳನ್ನು ಎಡಿಟಿಂಗ್‌ನಲ್ಲಿ ಒಂದಷ್ಟು ಸುಧಾರಿಸಬಹುದು. ಕೋಣೆಯ ಪ್ರತಿಧ್ವನಿಯನ್ನು ಸುಧಾರಿಸುವುದು ಬಹಳ ಕಷ್ಟ. ಬಾಯಿಗೂ ಮೈಕಿಗೂ ಇರುವ ದೂರ ಇಮ್ಮಡಿಯಾದರೆ ನೇರವಾಗಿ ಬರುವ ಧ್ವನಿ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ, ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ದುಬಾರಿ ಮೈಕನ್ನು ಕ್ಯಾಮೆರಾದ ಮೇಲೆ ಆರಡಿ ದೂರದಲ್ಲಿ ಇಡುವುದಕ್ಕಿಂತ ಅಗ್ಗದ ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸುವುದೇ ಮೇಲು.

ಒಬ್ಬರೇ ಕುಳಿತು ಮಾತನಾಡುವ ವಿಡಿಯೊಗಳಿಗೆ ತಂತಿಯ ಕಾಲರ್ ಮೈಕ್ ಸಾಕು. ಬೋಯಾ ಬಿವೈ-ಎಂ1 ಇಂಥದ್ದರಲ್ಲಿ ಎಲ್ಲೆಡೆ ಸಿಗುವ ಒಂದು ಮಾದರಿ; ಆರು ಮೀಟರ್ ತಂತಿ ಇದೆ, ಮೊಬೈಲ್ ಮತ್ತು ಕ್ಯಾಮೆರಾಗಳ ನಡುವೆ ಬದಲಿಸುವ ಗುಂಡಿಯಿದೆ. ಆ ಗುಂಡಿ ತಪ್ಪು ಕಡೆ ಇದ್ದರೆ ಏನೂ ದಾಖಲಾಗದಿರಬಹುದು, ಪ್ರತಿ ಸಲವೂ ನೋಡಿಕೊಳ್ಳಿ. ನಿಮ್ಮ ಮೊಬೈಲಿನಲ್ಲಿ 3.5 ಮಿಮೀ ಕಿಂಡಿ ಇಲ್ಲದಿದ್ದರೆ ಟೈಪ್-ಸಿ ಮಾದರಿಯನ್ನೇ ಕೇಳಬೇಕು. ತೋಟದಲ್ಲಿ ನಡೆದಾಡುತ್ತ ಮಾತನಾಡುವವರಿಗೆ ನಿಸ್ತಂತು ಮೈಕ್ ಅನುಕೂಲ. ಅವುಗಳಲ್ಲಿ ಹೆಚ್ಚಿನವು ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಲ್ಲಿಯೇ ನಡೆಯುತ್ತವೆ. ಜಾತ್ರೆ, ಸಮ್ಮೇಳನಗಳಲ್ಲಿ ಸಾವಿರಾರು ಮೊಬೈಲ್‌ಗಳ ನಡುವೆ ಧ್ವನಿ ತುಂಡಾಗುವ ಸಂಭವವಿರುವುದರಿಂದ ಮೈಕಿನೊಳಗೇ ದಾಖಲಿಸಿಕೊಳ್ಳುವ ಸೌಲಭ್ಯವಿರುವ ಮಾದರಿಯನ್ನು ಆರಿಸಿ. ಹೊರಾಂಗಣದಲ್ಲಿ ಗಾಳಿಯ ಸದ್ದು ತಡೆಯುವ ತುಪ್ಪಳದ ಹೊದಿಕೆ ಇಲ್ಲದೆ ಯಾವ ಮೈಕನ್ನೂ ಬಳಸಬೇಡಿ.

ಯಕ್ಷಗಾನವನ್ನು ದಾಖಲಿಸುವವರಿಗೆ ಬೇರೆಯದೇ ಸವಾಲು. ಭಾಗವತರ ಮೆಲುದನಿಯ ಆಲಾಪದಿಂದ ಚೆಂಡೆಯ ಅಬ್ಬರದವರೆಗಿನ ಅಂತರ ಅಗಾಧವಾದುದು. ಮೊಬೈಲಿನ ಸ್ವಯಂಚಾಲಿತ ಧ್ವನಿಮಟ್ಟವು ಪ್ರತಿ ಪೆಟ್ಟಿಗೂ ತಗ್ಗಿ, ಬಳಿಕ ನಿಧಾನವಾಗಿ ಏರುತ್ತದೆ. ಅರ್ಥಗಾರಿಕೆಯ ಮೊದಲ ಪದಗಳು ಅದರಲ್ಲಿ ಮುಳುಗಿಹೋಗುತ್ತವೆ. ಇಲ್ಲಿ ಪ್ರತ್ಯೇಕ ರೆಕಾರ್ಡರ್ ಬೇಕು. ಸ್ವಯಂಚಾಲಿತ ಮಟ್ಟವನ್ನು ನಿಲ್ಲಿಸಿ, ಚೆಂಡೆಯ ಅತಿ ಜೋರಾದ ಪೆಟ್ಟು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಹೊಂದಿಸಿ. ಸೊನ್ನೆಯನ್ನು ಮುಟ್ಟಿ ಒಡೆದ ಡಿಜಿಟಲ್ ಧ್ವನಿಯನ್ನು ಮೊದಲಿನಂತೆ ಮಾಡುವುದು ಅಸಾಧ್ಯ. 32 ಬಿಟ್ ಫ್ಲೋಟ್ ಮಾದರಿಯಲ್ಲಿ ದಾಖಲಿಸುವ ಜೂಮ್ ಎಚ್1 ಎಸೆನ್ಷಿಯಲ್‌ನಂತಹ ಪುಟ್ಟ ರೆಕಾರ್ಡರ್‌ಗಳು ಬಂದ ಮೇಲೆ ಈ ಕೆಲಸ ಸುಲಭವಾಗಿದೆ, ಏಕೆಂದರೆ ಮಟ್ಟವನ್ನು ಆಮೇಲೆ ಎಡಿಟಿಂಗ್‌ನಲ್ಲಿ ತಗ್ಗಿಸಬಹುದು. ತಾಳಮದ್ದಳೆಯಲ್ಲಿ ಮೈಕ್‌ಸೆಟ್‌ನವರ ಅನುಮತಿ ಪಡೆದು ಅವರ ಮಿಕ್ಸರಿನಿಂದ ಒಂದು ಲೈನ್ ತೆಗೆದುಕೊಳ್ಳಬಹುದಾದರೆ ಅರ್ಥಧಾರಿಗಳ ಮಾತು ಶುದ್ಧವಾಗಿ ಸಿಗುತ್ತದೆ. ರೆಕಾರ್ಡರಿನ ಕಿಂಡಿಯನ್ನು ಮೈಕ್ ಮಟ್ಟದಿಂದ ಲೈನ್ ಮಟ್ಟಕ್ಕೆ ಬದಲಿಸಲು ಮರೆಯಬಾರದು. ಅದರ ಜೊತೆಗೆ ಇನ್ನೊಂದು ಸಾಧನ ಸಭೆಯ ನಡುವೆ ಇರಲಿ. ಚಪ್ಪಾಳೆ, ನಗು, ಮದ್ದಳೆಯ ನಾದ ಎಲ್ಲ ಅದರಲ್ಲಿ ಬರುತ್ತವೆ. ಆರಂಭದಲ್ಲಿ ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ಒಂದು ಸಲ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರೆ ಹೊಂದಿಸುವ ಕೆಲಸಕ್ಕೆ ಗುರುತು ಸಿಗುತ್ತದೆ.

ಕೇಳುವುದಕ್ಕೆ ತಂತಿಯ ಹೆಡ್‌ಫೋನನ್ನೇ ಬಳಸಿ. ಬ್ಲೂಟೂತ್‌ನಲ್ಲಿ ಧ್ವನಿ ತಡವಾಗಿ ಬರುವುದರಿಂದ ಕಟ್ ಎಲ್ಲಿ ಬೀಳಬೇಕೆಂಬ ಅಂದಾಜು ತಪ್ಪುತ್ತದೆ.

ಹೆಜ್ಜೆ 7: ಬೆಳಕು, ಟ್ರೈಪಾಡ್

ಮನೆಯ ಕಿಟಕಿಯೇ ಮೊದಲ ದೀಪ. ಕಿಟಕಿ ಮುಖದ ಒಂದು ಪಕ್ಕಕ್ಕೆ ಬರುವಂತೆ ಕುಳಿತು, ಇನ್ನೊಂದು ಪಕ್ಕದಲ್ಲಿ ಬಿಳಿ ಥರ್ಮಾಕೋಲ್ ಹಾಳೆಯನ್ನು ನಿಲ್ಲಿಸಿದರೆ ನೆರಳು ಹದವಾಗುತ್ತದೆ. ದೀಪ ಕೊಳ್ಳುವುದಾದರೆ ಸಿಆರ್‌ಐ (ದೀಪವು ಬಣ್ಣಗಳನ್ನು ಎಷ್ಟು ನೈಜವಾಗಿ ತೋರಿಸುತ್ತದೆಂಬ ಅಳತೆ) 95 ಅಥವಾ ಅದಕ್ಕಿಂತ ಹೆಚ್ಚಿರುವುದನ್ನು ಆರಿಸಿ. ಇದು ಕಡಿಮೆಯಾದರೆ ಚರ್ಮದ ಬಣ್ಣ ಹಸಿರಿಗೆ ತಿರುಗಬಹುದು. ಟ್ರೈಪಾಡ್ ಎತ್ತಿ ನೋಡಿದಾಗ ಕೈಗೆ ಭಾರ ಎನ್ನಿಸಲಿ. ಅಡುಗೆ ವಿಡಿಯೊ ಮಾಡುವವರು ಮೇಲಿನಿಂದ ಕೆಳಕ್ಕೆ ನೋಡುವಂತೆ ಮೊಬೈಲ್ ಹಿಡಿಯುವ ಅಡ್ಡತೋಳು ಇರುವುದನ್ನು ಕೇಳಬೇಕು.

ಹೆಜ್ಜೆ 8: ಕಡತಗಳ ಜಾಗ ಮತ್ತು ಕರೆಂಟು

ಲೆಕ್ಕ ಹೀಗಿದೆ. ಐಫೋನಿನಲ್ಲಿ 30 ಚೌಕಟ್ಟುಗಳ 1080ಪಿ ವಿಡಿಯೊ ನಿಮಿಷಕ್ಕೆ ಸುಮಾರು 60 ಎಂಬಿ, 4ಕೆ (3840×2160) ಸುಮಾರು 170 ಎಂಬಿ ಜಾಗ ಹಿಡಿಯುತ್ತದೆ. ಎಂಟು ಗಂಟೆಗಳ ರಾತ್ರಿಯಿಡೀ ಆಟವನ್ನು 1080ಪಿಯಲ್ಲಿ ಚಿತ್ರಿಸಿದರೆ ಸುಮಾರು 29 ಜಿಬಿ, 4ಕೆಯಲ್ಲಿ 82 ಜಿಬಿ ಆಗುತ್ತದೆ. ಎರಡು ಕ್ಯಾಮೆರಾ ಇದ್ದರೆ ಇಮ್ಮಡಿ. ಪ್ರತ್ಯೇಕ ಕ್ಯಾಮೆರಾಗಳ ಕಡತಗಳು ಇದಕ್ಕಿಂತ ದೊಡ್ಡವು. ದೀರ್ಘ ಕಾರ್ಯಕ್ರಮಗಳಿಗೆ 1080ಪಿ ಸಾಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಮೆಮೊರಿ ಕಾರ್ಡಿನ ಮೇಲೆ ವಿ30 ಎಂಬ ಗುರುತಿದ್ದರೆ ಅದು ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಎಂದರ್ಥ. 4ಕೆ ಕೆಲಸಕ್ಕೆ ಇದು ಸಾಮಾನ್ಯವಾಗಿ ಸಾಲುತ್ತದೆ. ನಕಲಿ ಕಾರ್ಡುಗಳು ಮಾರುಕಟ್ಟೆಯಲ್ಲಿ ಬಹಳ ಇರುವುದರಿಂದ ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಧನದಿಂದ ಅದರ ನಿಜವಾದ ಸಾಮರ್ಥ್ಯವನ್ನು ಪರೀಕ್ಷಿಸಿ. ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಹಿಡಿಸದು, ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳಿ. ಮೂಲ ಕಡತಗಳ ಪ್ರತಿ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಸೇರುವವರೆಗೆ ಕಾರ್ಡನ್ನು ಅಳಿಸಬಾರದು. ಎಡಿಟಿಂಗ್ ನಡೆಯುವುದು ಎಸ್‌ಎಸ್‌ಡಿಯಲ್ಲಿ, ಮುಗಿದ ಕೆಲಸಗಳ ಸಂಗ್ರಹ ಅಗ್ಗದ ಹಾರ್ಡ್‌ಡಿಸ್ಕಿನಲ್ಲಿ ಎಂಬ ವಿಭಜನೆ ಒಳ್ಳೆಯದು.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಗಳ ಕರೆಂಟಿನ ಸ್ಥಿತಿ ಎಲ್ಲರಿಗೂ ಗೊತ್ತಿರುವುದೇ. ಮೇಜಿನ ಕಂಪ್ಯೂಟರ್ ಬಳಸುವವರು ಯುಪಿಎಸ್ ಇಲ್ಲದೆ ವಿಡಿಯೊ ಹೊರತೆಗೆಯಲು ಕೂರಬಾರದು. ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ತಾನಾಗಿ ಉಳಿಸಿಕೊಳ್ಳುವ ಆಯ್ಕೆಯೂ ಚಾಲ್ತಿಯಲ್ಲಿರಲಿ.

ಹೆಜ್ಜೆ 9: ಎರಡು ನಿಮಿಷದ ಒಂದು ಕೆಲಸವನ್ನು ಪೂರ್ತಿ ಮುಗಿಸಿ

ಇಷ್ಟಾದ ಮೇಲೆ, ಇನ್ನೇನನ್ನೂ ಕೊಳ್ಳುವ ಮುನ್ನ, ಎರಡು ನಿಮಿಷದ ವಿಡಿಯೊವೊಂದನ್ನು ಆರಂಭದಿಂದ ಕೊನೆಯವರೆಗೆ ಮುಗಿಸಬೇಕು. ಮನೆಯ ಹಿರಿಯರೊಬ್ಬರು ತಮಗೆ ಗೊತ್ತಿರುವ ಒಂದು ಕೆಲಸವನ್ನು ವಿವರಿಸುವುದು ಒಳ್ಳೆಯ ವಸ್ತು. ಅವರ ಮಾತನ್ನು ಚಿತ್ರಿಸಿ, ಆ ಕೆಲಸದ ಕೈಚಲನೆಗಳನ್ನು ಬೇರೆಯಾಗಿ ಹತ್ತಿರದಿಂದ ಚಿತ್ರಿಸಿ. ಟೈಮ್‌ಲೈನನ್ನು 25 ಚೌಕಟ್ಟು, 1920×1080 ಎಂದು ಹೊಂದಿಸಿಕೊಂಡು ಮಾತನ್ನು ಮೊದಲು ಕತ್ತರಿಸಿ ಜೋಡಿಸಿ, ಆಮೇಲೆ ಕೈಚಲನೆಯ ದೃಶ್ಯಗಳನ್ನು ಮೇಲೆ ಹೊದಿಸಿ. ಕನ್ನಡದಲ್ಲಿ ಶೀರ್ಷಿಕೆ ಬರೆದು, ಎಚ್.264 ಮಾದರಿಯಲ್ಲಿ ಹೊರತೆಗೆಯಿರಿ. 1080ಪಿ ವಿಡಿಯೊಗಳಿಗೆ ಯೂಟ್ಯೂಬ್ ಹೇಳುವ ಪ್ರಮಾಣ ಸೆಕೆಂಡಿಗೆ 8 ಮೆಗಾಬಿಟ್. 4ಕೆಗೆ 35ರಿಂದ 45.

ಹೊರಬಂದ ಕಡತವನ್ನು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಒಮ್ಮೆ, ಟಿವಿಯಲ್ಲಿ ಒಮ್ಮೆ ನೋಡಿ. ಎಲ್ಲಿ ತೊಂದರೆಯಾಯಿತೆಂದು ಮೊದಲ ಹೆಜ್ಜೆಯ ಚೀಟಿಯಲ್ಲಿಯೇ ಬರೆದುಕೊಳ್ಳಿ. ಟೈಮ್‌ಲೈನ್ ತಡವರಿಸಿತೇ? ಪ್ರಾಕ್ಸಿ ಹಾಕಿ, ಆಗಲೂ ಸರಿಹೋಗದಿದ್ದರೆ ರ್‍ಯಾಮ್ ಅಥವಾ ಎಸ್‌ಎಸ್‌ಡಿ ಸೇರಿಸಿ. ಮಾತು ಗುಹೆಯಲ್ಲಿ ಆಡಿದಂತೆ ಕೇಳಿತೇ? ಹಣ ಮೈಕಿಗೆ ಹೋಗಲಿ, ಕೋಣೆಗೆ ದಪ್ಪ ಬಟ್ಟೆಯ ಪರದೆ, ಜಮಖಾನ ಬರಲಿ. ದೃಶ್ಯ ಅಲುಗಾಡಿದರೆ ಟ್ರೈಪಾಡ್, ಕಾಳುಕಾಳಾಗಿ ಕಂಡರೆ ದೀಪ. ಹೀಗೆ ಪ್ರತಿಯೊಂದು ಖರ್ಚಿಗೂ ನಿಮ್ಮದೇ ಕೆಲಸದಿಂದ ಹುಟ್ಟಿದ ಕಾರಣವಿರಲಿ.

ಹೆಜ್ಜೆ 10: ಕ್ಯಾಮೆರಾ

ಮೊಬೈಲಿನಿಂದ ಆಗದ ಕೆಲಸ ಯಾವುದೆಂದು ಸ್ಪಷ್ಟವಾಗಿ ಹೇಳಬಲ್ಲಿರಾದರೆ ಕ್ಯಾಮೆರಾದ ಹೊತ್ತು ಬಂದಿದೆ. ಸಭಾಂಗಣದ ಹಿಂದಿನ ಸಾಲಿನಿಂದ ವೇಷಧಾರಿಯ ಕಣ್ಣನ್ನು ತುಂಬು ಚೌಕಟ್ಟಿನಲ್ಲಿ ಹಿಡಿಯುವುದು, ಮಂದ ಬೆಳಕಿನಲ್ಲಿ ಗಂಟೆಗಟ್ಟಲೆ ನಿಲ್ಲಿಸದೆ ಚಿತ್ರಿಸುವುದು ಅಂಥ ಕೆಲಸಗಳು. ಕೊಳ್ಳುವಾಗ ಮೈಕ್ ಕಿಂಡಿ, ಹೆಡ್‌ಫೋನ್ ಕಿಂಡಿ, 25 ಚೌಕಟ್ಟುಗಳ ಆಯ್ಕೆ, ಚಿತ್ರೀಕರಣ ನಡೆಯುತ್ತಿರುವಾಗಲೇ ಹೊರಗಿನಿಂದ ವಿದ್ಯುತ್ ಪಡೆಯುವ ಅನುಕೂಲ ಇವುಗಳನ್ನು ನೋಡಿ. ಕೆಲವು ಫೋಟೊ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ, ಇನ್ನು ಕೆಲವು ಬಿಸಿಯಾಗಿ ನಿಲ್ಲುತ್ತವೆ. ಪಾಠ ಮತ್ತು ಕಾರ್ಯಕ್ರಮಗಳಿಗೆ ಇವೆರಡೂ ಆಗದು. ಬೆಂಗಳೂರು ಮತ್ತಿತರ ನಗರಗಳಲ್ಲಿ ಕ್ಯಾಮೆರಾಗಳು ದಿನದ ಬಾಡಿಗೆಗೆ ಸಿಗುತ್ತವೆ. ಮನಸ್ಸಿನಲ್ಲಿರುವ ಮಾದರಿಯನ್ನು ಒಂದು ದಿನಕ್ಕೆ ತಂದು, ನಿಮ್ಮದೇ ಜಾಗದಲ್ಲಿ ನಿಮ್ಮದೇ ಮೈಕ್ ಜೋಡಿಸಿ ಎರಡು ಗಂಟೆ ನಿಲ್ಲಿಸದೆ ಚಿತ್ರಿಸಿ, ಆ ಕಡತವನ್ನು ನಿಮ್ಮ ಕಂಪ್ಯೂಟರಿನ ಟೈಮ್‌ಲೈನಿಗೆ ತಂದು ಓಡಿಸಿ ನೋಡಿದ ಮೇಲೆ ಮುಂಗಡ ಕೊಡಿ.